ದೋಣಿ ವಿಡಿಯೋದ ಜೆಲ್ಲಿ ಕಾಟ ಹೋದದ್ದು ಹೀಗೆ

ಹೊಸ ಕ್ಯಾಮೆರಾ ಹಿಡಿದು ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹತ್ತಿದ್ದೆ. ಕೈ ಅಲುಗಬಾರದು ಅಂತ ಕ್ಯಾಮೆರಾವನ್ನು ದೋಣಿಯ ಕಂಬಿಗೆ ಒತ್ತಿ ಹಿಡಿದೆ. ದ್ವೀಪದಲ್ಲಿ ಇಳಿದು ನೋಡಿದರೆ ಇಡೀ ವಿಡಿಯೋ ಜೆಲ್ಲಿ ಥರ ನಡುಗುತ್ತಿತ್ತು! ಕ್ಯಾಮೆರಾವೇ ಕೆಟ್ಟಿದೆ ಅಂತ ಸುಮ್ನೆ ಬೈದುಕೊಂಡೆ.

ತಪ್ಪು ನನ್ನದೇ. ಡೀಸೆಲ್ ಇಂಜಿನ್‌ನ ನಡುಕ ಕಂಬಿಯಿಂದ ನೇರವಾಗಿ ಕ್ಯಾಮೆರಾಗೆ ಹೋಗುತ್ತದೆ, ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಚಿತ್ರವನ್ನು ಒಂದೇ ಸಲಕ್ಕೆ ಓದದೆ ಸಾಲು ಸಾಲಾಗಿ ಓದುವುದರಿಂದ ಆ ಅವಧಿಯಲ್ಲಿ ಕ್ಯಾಮೆರಾ ಅಲುಗಿದಷ್ಟೂ ಗೆರೆಗಳು ಸೊಟ್ಟಗಾಗುತ್ತವೆ. ಟ್ರೈಪಾಡ್ ಇಟ್ಟರೂ ಇದೇ ಕಥೆ.

ವಾಪಸ್ ಬರುವಾಗ ಏನನ್ನೂ ಮುಟ್ಟಿಸದೆ, ಸೀಟಿನಲ್ಲಿ ಕೂತು, ಬೆನ್ನು ಒರಗಿಸದೆ, ಮೊಣಕೈ ಪಕ್ಕೆಗೆ ಒತ್ತಿ ಹಿಡಿದೆ. ಜೂಮ್ ಬಳಸಲೇ ಇಲ್ಲ. ಮುಕ್ಕಾಲು ಪಾಲು ನಡುಕ ಅಲ್ಲೇ ಹೋಯ್ತು.

ಇನ್ನೂ ಚಿತ್ರ ಕಟ್‌ಕಟ್ ಅನ್ನುತ್ತಿತ್ತು. ಬಿಸಿಲಿಗೆ ಆಟೋ ಮೋಡ್ ಶಟರ್ ವೇಗವನ್ನು, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಸಮಯವನ್ನು, 1/1000 ಸೆಕೆಂಡಿಗೂ ಏರಿಸಿತ್ತು; ಅಷ್ಟು ಕಡಿಮೆ ಸಮಯದಲ್ಲಿ ಪ್ರತಿ ಫ್ರೇಮ್ ಚೂಪಾಗಿ ನಿಂತು, ಚಲನೆ ಒಂದಕ್ಕೊಂದು ಕೂಡುವುದಿಲ್ಲ. ಮುಂದಿನ ಸಲ ಎನ್‌ಡಿ16 ಫಿಲ್ಟರ್ (ಬೆಳಕನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು) ಹಾಕಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟೆ. ಅಲೆಗಳು ಅಲೆಗಳಂತೆ ಕಂಡವು. ಲೆನ್ಸ್ ಮೇಲೆ ಉಪ್ಪುನೀರು ಹಾರಿದಾಗ ಮಾತ್ರ ಅಂಗಿಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ನನ್ನ ಫಿಲ್ಟರ್ ಮೇಲೆ ಈಗಾಗಲೇ ಒಂದಿದೆ.