ಕಮ್ಮಿ ರೇಟಿನ ಸ್ಟುಡಿಯೋ ಮಾನಿಟರ್ ಟೆಸ್ಟ್ ಮಾಡಕ್ಕೆ ಹೋಗಿ ನಮ್ಮನೆ ರೂಮನ್ನೇ ಟೆಸ್ಟ್ ಮಾಡಿದ್ದು

ಮನೇಲೇ ಭಾವಗೀತೆ ರೆಕಾರ್ಡ್ ಮಾಡಿ ಹೆಡ್‌ಫೋನಲ್ಲೇ ಮಿಕ್ಸ್ ಮಾಡ್ತಿದ್ದೆ, ಕಾರಲ್ಲಿ ಹಾಕಿದ್ರೆ ಬರೀ ಮೃದಂಗ, ಹಾಡೋರು ಎಲ್ಲೋ ಹಿಂದೆ. ಸರಿ ಸ್ಟುಡಿಯೋ ಮಾನಿಟರ್ (ಮಿಕ್ಸ್ ಮಾಡೋಕೆ ಅಂತ್ಲೇ ಇರೋ, ಶಬ್ದ ಇದ್ದ ಹಾಗೇ ಕೇಳ್ಸೋ ಸ್ಪೀಕರ್) ತಗೊಳ್ಳೋಣ ಅಂತ ಅಂಗಡಿಗೆ ಹೋದ್ರೆ ಅಲ್ಲಿ ನಾಲ್ಕು ಜೋಡಿ ಗೋಡೆಗೆ ಒತ್ತಿ ಇಟ್ಟಿದ್ರು, ಪಕ್ಕದಲ್ಲೇ ಯಾರೋ ಕೀಬೋರ್ಡ್ ಬಾರಿಸ್ತಿದ್ರು, ಏನ್ ಗೊತ್ತಾಗುತ್ತೆ ಮಣ್ಣು. ಕೊನೆಗೆ ಸ್ನೇಹಿತರಿಂದ 5 ಇಂಚಿಂದು (ಸ್ಪೀಕರಿನ ದೊಡ್ಡ ಕೋನಿನ ಅಳತೆ) ಒಂದು ಜೋಡಿ, 3.5 ಇಂಚಿಂದು ಒಂದು ಜೋಡಿ ಒಂದು ವಾರಕ್ಕೆ ಅಂತ ಕೇಳಿ ತಂದೆ.

ಮೊದಲ ದಿನ 5 ಇಂಚಿಂದೇ ಸೂಪರ್ ಅನ್ನಿಸ್ತು, ನೋಡಿದ್ರೆ ಅದರ ವಾಲ್ಯೂಮೇ ಜಾಸ್ತಿ ಇತ್ತು! ಒಂದು ಡಿಬಿ (ಡೆಸಿಬೆಲ್, ಶಬ್ದ ಎಷ್ಟು ಜೋರು ಅನ್ನೋ ಅಳತೆ) ಜೋರಿದ್ರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ. ಪಿಂಕ್ ನಾಯ್ಸ್ (ಎಲ್ಲಾ ಸ್ವರ ಸೇರಿದ, ಜಲಪಾತದ ಥರದ ಶಬ್ದ) ಹಾಕಿ, ಕೂರೋ ಜಾಗದಲ್ಲಿ ಫೋನಿನ ಶಬ್ದದ ಮೀಟರ್ ಇಟ್ಟು ಎರಡನ್ನೂ 75 ಡಿಬಿಗೆ ತಂದೆ (ಅಂಕಿ ನಿಜ ಇಲ್ದಿದ್ರೂ ಪರ್ವಾಗಿಲ್ಲ, ಎರಡೂ ಸಮ ಇರ್ಬೇಕು). ತಮ್ಮ ವೈರ್ ಬದಲಾಯಿಸ್ತಾ "ಹೇಳಣ್ಣ, ಈಗ ಯಾವ್ದು?" ಅಂತಿದ್ದ, ನಾನು ಕಣ್ಣು ಮುಚ್ಚಿ ಕೂತಿದ್ದೆ. ಬರೀ ಗಾಯನ ಹಾಕಿದಾಗ ಹತ್ತಕ್ಕೆ ನಾಲ್ಕು ಸಲ ತಪ್ಪು ಹೇಳ್ದೆ. ಮೃದಂಗದ ಎಡಗಡೆ ಧೂಂ ಬಂದ ತಕ್ಷಣ ಮಾತ್ರ ಸಿಕ್ಕಿಬೀಳೋದು, ಚಿಕ್ಕದರಲ್ಲಿ ಏಟು ಕೇಳುತ್ತೆ, ಹೊಟ್ಟೆ ಇಲ್ಲ.

ಎಷ್ಟು ಕೆಳಗಿನ ಸ್ವರದ ತನಕ ಬರುತ್ತೆ ಅಂತ ಡಬ್ಬದ ಮೇಲೆ ಹಾಕಿರೋ ಹರ್ಟ್ಜ್ ನಂಬ್ಕೊಂಡು ಕೂರ್ಬೇಡಿ. ಯಮಹಾ ಎಚ್‌ಎಸ್5 ಅನ್ನೋ 5 ಇಂಚಿನ ಮಾನಿಟರ್ ಕೆಳಗೆ 54 ಹರ್ಟ್ಜ್ ಅಂತಾರಲ್ಲ, ಅದು ಮೈನಸ್ 10 ಡಿಬಿ ಲೆಕ್ಕ (ಅಂದ್ರೆ ಅಷ್ಟೊತ್ತಿಗೆ ಶಬ್ದ 10 ಡಿಬಿ ಇಳಿದಿರುತ್ತೆ), ಮೈನಸ್ 3ರ ಲೆಕ್ಕದಲ್ಲಿ ಅದೇ ಕಂಪನಿಯೇ 74 ಅಂತ ಕೊಟ್ಟಿದೆ.

ಆಮೇಲೆ 40ರಿಂದ 200 ಹರ್ಟ್ಜ್ ತನಕ ನಿಧಾನಕ್ಕೆ ಏರೋ ಒಂದೇ ಸ್ವರ ಹಾಕ್ದೆ. 56ರ ಹತ್ರ ಗುಂಯ್ ಅಂತ ಊದ್ಕೊಂತು, ಎರಡು ಜೋಡೀಲೂ. ಸ್ಪೀಕರ್ ದೋಷ ಅಂದ್ಕೊಂಡೆ, ಆದ್ರೆ ಕುರ್ಚಿನ ಹಿಂದಿನ ಗೋಡೆಯಿಂದ ಎಳೆದು ರೂಮಿನ ನಡುವಿಗೆ ತಂದ್ರೆ ಅದೇ ಸ್ವರ ಮಾಯ! ಎದುರುಬದುರು ಗೋಡೆ ನಡುವೆ ಶಬ್ದ ಹೋಗಿ ಬಂದು ರೂಮೇ ಒಂದು ಸ್ವರಕ್ಕೆ ಗುಂಯ್ ಅನ್ನೋದು ಇದು: ನಮ್ಮ ರೂಮಿನ ಉದ್ದ 10 ಅಡಿ, ಅಂದ್ರೆ 3.05 ಮೀಟರ್, ಶಬ್ದದ ವೇಗ ಸೆಕೆಂಡಿಗೆ 343 ಮೀಟರನ್ನ ಅದರ ಎರಡರಷ್ಟರಿಂದ ಭಾಗಿಸಿ ನೋಡಿ, ಅದೇ 56. ಈ ಗುಂಯ್‌ಗೆ ಎಷ್ಟು ದುಡ್ಡಿನ ಸ್ಪೀಕರ್ ತಂದ್ರೂ ಮದ್ದಿಲ್ಲ. ಕುರ್ಚಿ ಗೋಡೆ ಹತ್ರಾನೂ ಬೇಡ ನಟ್ಟನಡುವೆನೂ ಬೇಡ ಅಂತ ಮಧ್ಯಕ್ಕಿಂತ ಸ್ವಲ್ಪ ಮುಂದೆ ಇಟ್ಟೆ, ಸ್ಪೀಕರ್‌ನ ಮೂಲೆಯಿಂದ ಈಚೆ ತಂದು ಟ್ವೀಟರ್ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್) ಕಿವಿ ಮಟ್ಟಕ್ಕೆ ಬರೋ ಹಾಗೆ ಇಟ್ಟಿಗೆ ಕೊಟ್ಟೆ.

ನಂಗೆ ಜಾಸ್ತಿ ಉಪಯೋಗ ಆಗಿದ್ದು ಅಮ್ಮನ ಧ್ವನಿ. ಎರಡು ನಿಮಿಷ ಮಾತಾಡ್ಸಿ ರೆಕಾರ್ಡ್ ಮಾಡ್ಕೊಂಡು, ಅವರನ್ನ ಪಕ್ಕದಲ್ಲೇ ನಿಲ್ಲಿಸಿ ಅದನ್ನೇ ಹಾಕ್ದೆ. ಮೈಕಿನ ಬಣ್ಣಾನೂ ಸೇರುತ್ತೆ ನಿಜ, ಆದ್ರೂ ಎರಡು ಜೋಡೀಲಿ ಯಾವುದು ಹತ್ರ ಅಂತ ಗೊತ್ತಾಗ್ಬಿಡುತ್ತೆ. ಚಿಕ್ಕದರಲ್ಲಿ ಅಮ್ಮಂಗೆ ಶೀತ ಆದ ಹಾಗಿತ್ತು.

ಸ್ಪೀಕರಲ್ಲಿ ಹಮ್ (ಕರೆಂಟಿನ ಗುಂಯ್ ಶಬ್ದ) ಒಂದು ಬರ್ತಿತ್ತು, ಲ್ಯಾಪ್‌ಟಾಪ್ ಚಾರ್ಜರ್ ಕಿತ್ರೆ ನಿಂತೋಯ್ತು, ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ತಡೆಯೋ ಆಡಿಯೋ ವೈರ್) ಹಾಕಿದ್ಮೇಲೆ ಚಾರ್ಜರ್ ಇದ್ರೂ ಇಲ್ಲ.

5 ಇಂಚಿಂದೇ ತಗೊಂಡೆ. 110 ಹರ್ಟ್ಜಲ್ಲಿ ಜಿರ್ರ್ ಅಂತಿದ್ದಿದ್ದು ಮಾತ್ರ ಯಾವ ಸ್ಪೀಕರೂ ಅಲ್ಲ, ಹಿಂದಿದ್ದ ಕಬ್ಬಿಣದ ಬೀರು. ಅದನ್ನ ಹಾಲಿಗೆ ಸಾಗ್ಸೋಕೆ ಅಮ್ಮ ಒಪ್ತಿಲ್ಲ, ಸದ್ಯಕ್ಕೆ ಬಾಗಿಲ ಸಂದಿಗೆ ಪೇಪರ್ ಮಡಚಿ ಸಿಗಿಸಿದೀನಿ.