ವಿಮಾನ ತಡವಾದರೆ ಕೈಯಲ್ಲಿರುವ ಬ್ಯಾಗೇ ಗತಿ

ವಿಮಾನ ತಡ ಅಂತ ಬೋರ್ಡಿನಲ್ಲಿ ಬರುವಷ್ಟರಲ್ಲಿ ದೊಡ್ಡ ಸೂಟ್‌ಕೇಸ್ ಒಳಗೆ ಹೋಗಿಬಿಟ್ಟಿರುತ್ತದೆ, ಅಲ್ವಾ? ಹಾಗಾಗಿ ಮೊದಲು ಮಾತ್ರೆ ಇಡಿ. ಎರಡು ದಿನಕ್ಕೆ ಜಾಸ್ತಿಯೇ ಇರಲಿ, ಹೆಸರು ಕಾಣುವ ಸ್ಟ್ರಿಪ್‌ನಲ್ಲೇ ಇರಲಿ. ಪವರ್ ಬ್ಯಾಂಕನ್ನು ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ), 20,000 ಎಂಎಎಚ್‌ ಅಂತ ಬರೆದಿರುವುದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ಧೈರ್ಯವಾಗಿ ಒಯ್ಯಿರಿ. ಕೇಬಲ್ ಮರೀಬೇಡಿ. ಬಾಟಲಿ ಖಾಲಿ ಇರಲಿ, ತಪಾಸಣೆ ದಾಟಿದ ಮೇಲೆ ನೀರು ತುಂಬಿಸಿಕೊಳ್ಳಿ. ಒಮ್ಮೆ ರಾತ್ರಿಯಿಡೀ ಎಸಿ ಚಳಿಯಲ್ಲಿ, ಕಬ್ಬಿಣದ ಕುರ್ಚಿ ಮೇಲೆ ಮೊಣಕಾಲು ಎದೆಗವಚಿಕೊಂಡು ನಡುಗಿದ್ದೇನೆ, ಅವತ್ತಿನಿಂದ ಒಂದು ಶಾಲು, ದಪ್ಪ ಕಾಲುಚೀಲ ಮೇಲಿನ ಜಿಪ್‌ನಲ್ಲೇ ಇರುತ್ತವೆ. ಒಣ ತಿಂಡಿ, ಟೂತ್‌ಬ್ರಷ್, ಒಂದು ಜೊತೆ ಒಳಉಡುಪು. ಟಿಕೆಟ್ ವಿವರ ಮತ್ತು ಮನೆಯವರ ನಂಬರನ್ನು ಚೀಟಿಯಲ್ಲಿ ಬರೆದಿಡಿ, ಫೋನ್ ಆಫ್ ಆದಾಗ ಬೇಕಾಗುತ್ತದೆ.