ವರ್ಟಿಕಲ್ ಫಾರ್ಮ್‌ಗೆ ತಾನಾಗಿ ನೀರು: ಪಂಪ್ ಕೈಕೊಟ್ಟರೂ ಬೆಳೆ ಉಳಿಯುವಂತೆ ಕಟ್ಟುವುದು ಹೇಗೆ?

ಕೋಣೆಯೊಳಗೆ ಅಂತಸ್ತು ಅಂತಸ್ತಾಗಿ ಟ್ರೇ ಜೋಡಿಸಿ, ಎಲ್‌ಇಡಿ ಬೆಳಕಿನಲ್ಲಿ ಸೊಪ್ಪು ಬೆಳೆಯುವವರಿಗೆ ಮಳೆಯೂ ಇಲ್ಲ, ಇಬ್ಬನಿಯೂ ಇಲ್ಲ. ಬೇರಿಗೆ ಸಿಗುವ ಪ್ರತಿ ಹನಿಯೂ ನೀವು ಕೊಟ್ಟಿದ್ದೇ. ದಿನಕ್ಕೆ ನಾಲ್ಕೈದು ಸಲ ಕೈಯಾರೆ ನೀರು ಕೊಡುವುದು ಆಗದ ಮಾತು. ಹಾಗಾಗಿ ಪಂಪ್, ಟೈಮರ್, ಸೆನ್ಸರ್ ತಂದು ಜೋಡಿಸಿಬಿಡೋಣ ಅನಿಸುತ್ತದೆ. ಜೋಡಿಸುವುದೇನೂ ಕಷ್ಟವಲ್ಲ. ಆದರೆ ಒಂದು ಸಾಮಾನನ್ನೂ ಕೊಳ್ಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ನೀರು ಬಾರದೆ ಹೋದರೆ ಗಿಡ ಎಷ್ಟು ಹೊತ್ತು ತಾಳುತ್ತದೆ? ನೀರು ನಿಲ್ಲದೆ ಹೋದರೆ ಅದು ಹರಿದು ಎಲ್ಲಿಗೆ ಹೋಗುತ್ತದೆ? ಇಡೀ ವ್ಯವಸ್ಥೆಯ ಅಳತೆ, ಆಯ್ಕೆ ಎಲ್ಲವೂ ಈ ಎರಡು ಉತ್ತರಗಳ ಮೇಲೆ ನಿಂತಿವೆ.

ಮೊದಲು ವಿಧಾನ ಆರಿಸಿ

ಏರೋಪೋನಿಕ್ಸ್‌ನಲ್ಲಿ ಬೇರುಗಳು ಗಾಳಿಯಲ್ಲಿ ತೂಗಾಡುತ್ತವೆ. ನಾಜಲ್‌ಗಳು ಅವುಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸುತ್ತವೆ. ಬೆಳವಣಿಗೆ ಚೆನ್ನಾಗಿರುತ್ತದೆ, ನಿಜ. ಆದರೆ ಸಿಂಪಡಣೆ ನಿಂತರೆ ಬೇರು ಒಣಗಲು ಹೆಚ್ಚು ಹೊತ್ತು ಬೇಡ. ಸಣ್ಣ ರಂಧ್ರದ ನಾಜಲ್‌ಗಳು ಗೊಬ್ಬರದ ಉಪ್ಪು ಕಟ್ಟಿ ಮುಚ್ಚಿಕೊಳ್ಳುವುದೂ ಮಾಮೂಲು. ಮೊದಲ ಸಲ ಮಾಡುವವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಎನ್‌ಎಫ್‌ಟಿ (ನ್ಯೂಟ್ರಿಯೆಂಟ್ ಫಿಲ್ಮ್ ಟೆಕ್ನಿಕ್) ವಿಧಾನವನ್ನು ಇಂಗ್ಲೆಂಡಿನ ಅಲೆನ್ ಕೂಪರ್ 1960ರ ದಶಕದಲ್ಲಿ ರೂಪಿಸಿದರು. ತುಸು ಇಳಿಜಾರಾಗಿ ಇಟ್ಟ ಕಾಲುವೆಯ ತಳದಲ್ಲಿ ತೆಳುವಾದ ಪದರವಾಗಿ ನೀರು ಹರಿಯುತ್ತಲೇ ಇರುತ್ತದೆ. ಪ್ರತಿ ಕಾಲುವೆಗೆ ನಿಮಿಷಕ್ಕೆ 1ರಿಂದ 2 ಲೀಟರ್ ಸಾಕು. ಇಲ್ಲೂ ಅದೇ ತಾಪತ್ರಯ: ಬೇರಿನ ಸುತ್ತ ಒದ್ದೆ ಹಿಡಿದಿಡುವಂಥದ್ದು ಏನೂ ಇಲ್ಲ. ಜೋರು ಬೆಳಕು ಬೀಳುತ್ತಿರುವಾಗ ಪಂಪ್ ನಿಂತರೆ ಬೇಗನೆ ಎಲೆ ಬಾಡಲು ಶುರುವಾಗುತ್ತದೆ.

ನೀರಿನ ಮೇಲೆ ಹಲಗೆ ತೇಲಿಸಿ ಬೆಳೆಯುವ ಪದ್ಧತಿಯಲ್ಲಿ ಗಿಡಕ್ಕೆ ನೀರಿನ ಕೊರತೆಯೇ ಬಾರದು. ಆದರೆ 20 ಸೆಂ.ಮೀ. ಆಳದ ನೀರೆಂದರೆ ಚದರ ಮೀಟರಿಗೆ 200 ಕಿಲೋ ಭಾರ. ನೆಲದ ಮೇಲಾದರೆ ಸರಿ, ನಾಲ್ಕನೇ ಅಂತಸ್ತಿಗೆ ಅಲ್ಲ. ಡ್ರಿಪ್ ಪದ್ಧತಿ ಟೊಮೆಟೊ, ದಪ್ಪ ಮೆಣಸಿನಕಾಯಿಯಂಥ ದೊಡ್ಡ ಗಿಡಗಳಿಗೆ ಹೊಂದುತ್ತದೆ. ಎತ್ತರ ಒಂದು ಮೀಟರ್ ಹೆಚ್ಚಿದರೆ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಹಾಗಾಗಿ ಮೇಲಿನ ಗಿಡಕ್ಕೆ ಕಡಿಮೆ, ಕೆಳಗಿನದಕ್ಕೆ ಜಾಸ್ತಿ ನೀರು ಹೋಗುತ್ತದೆ. ಒತ್ತಡ ಏರಿಳಿದರೂ ಒಂದೇ ಸಮ ಹನಿಸುವ ಡ್ರಿಪ್ಪರ್‌ಗಳನ್ನೇ ಕೇಳಿ ತರಬೇಕು.

ಸೊಪ್ಪಿನ ಬೆಳೆಗೆ ನನ್ನ ಮತ ತುಂಬಿಸಿ ಇಳಿಸುವ ಪದ್ಧತಿಗೆ. ಟ್ರೇಯಲ್ಲಿ ಕೊಕೊಪೀಟ್ ಅಥವಾ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಎಳೆದ ನಾರು) ತುಂಡುಗಳಲ್ಲಿ ಸಸಿ ಇರುತ್ತದೆ. ಪಂಪ್ ಟ್ರೇ ತುಂಬಿಸುತ್ತದೆ, ಸ್ವಲ್ಪ ಹೊತ್ತಿನ ನಂತರ ನೀರು ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಇಳಿಯುವಾಗ ಬೇರಿನ ಸುತ್ತ ಹೊಸ ಗಾಳಿ ಹೊಕ್ಕುತ್ತದೆ. ಆ ತುಂಡುಗಳು ಕೆಲವು ಗಂಟೆಗಳ ಕಾಲ ತೇವ ಹಿಡಿದಿಟ್ಟುಕೊಳ್ಳುತ್ತವೆ. ಪಂಪ್ ಕೆಟ್ಟರೆ ಬಂದು ನೋಡುವಷ್ಟು ಸಮಯ ನಿಮಗೆ ಸಿಗುತ್ತದೆ. ಮುಂದಿನದ್ದೆಲ್ಲ ಈ ಪದ್ಧತಿಯ ಬಗ್ಗೆಯೇ.

ಲೆಕ್ಕ ಹಾಕಿ, ಆಮೇಲೆ ಪಂಪ್ ತನ್ನಿ

ಉದಾಹರಣೆಗೆ ನಾಲ್ಕು ಅಂತಸ್ತಿನ ರ‍್ಯಾಕ್ ತೆಗೆದುಕೊಳ್ಳೋಣ. ಪ್ರತಿ ಟ್ರೇ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. 5 ಸೆಂ.ಮೀ. ಎತ್ತರಕ್ಕೆ ನೀರು ತುಂಬಿಸಿದರೆ 36 ಲೀಟರ್. ಅಂದರೆ ಅಂತಸ್ತಿಗೆ 36 ಕಿಲೋ, ಜೊತೆಗೆ ಗಿಡ ಮತ್ತು ಟ್ರೇಯ ತೂಕ. ರ‍್ಯಾಕ್ ಇಷ್ಟನ್ನು ಹೊರುತ್ತದೆಯೇ ಎಂದು ಮೊದಲು ನೋಡಿ.

ನಾಲ್ಕೂ ಟ್ರೇ ಒಟ್ಟಿಗೆ ತುಂಬಿಸಿದರೆ 144 ಲೀಟರ್ ಬೇಕು. ಒಂದಾದ ಮೇಲೊಂದು ತುಂಬಿಸಿದರೆ 36 ಲೀಟರಿನಲ್ಲೇ ಕೆಲಸ ನಡೆಯುತ್ತದೆ. ಪಂಪ್ ಸದಾ ಮುಳುಗಿರಲು ಬೇಕಾದ ನೀರು, ಗಿಡ ಹೀರುವ ನೀರು ಎಲ್ಲ ಸೇರಿಸಿದರೂ 120 ಲೀಟರಿನ ಟ್ಯಾಂಕ್ ಧಾರಾಳ. ಟ್ಯಾಂಕಿನೊಳಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ.

ಒಂದು ಟ್ರೇ 5 ನಿಮಿಷದಲ್ಲಿ ತುಂಬಬೇಕೆಂದರೆ ಗಂಟೆಗೆ 432 ಲೀಟರ್ ಎತ್ತುವ ಪಂಪ್ ಬೇಕು. ಎಡವುವುದು ಇಲ್ಲೇ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ ಎತ್ತರವೇ ಇಲ್ಲದಾಗ ಬರುವ ನೀರು. ಪಕ್ಕದಲ್ಲಿ ‘ಗರಿಷ್ಠ ಎತ್ತರ 2 ಮೀಟರ್’ ಎಂದಿದ್ದರೆ, 2 ಮೀಟರ್ ಎತ್ತರದಲ್ಲಿ ಅದು ಕೊಡುವ ನೀರು ಸೊನ್ನೆ! ಪಂಪ್ ಜೊತೆ ಬರುವ ಗ್ರಾಫ್ ನೋಡಿ. ಮೇಲಿನ ಟ್ರೇ ನೀರಿನ ಮಟ್ಟದಿಂದ 2 ಮೀಟರ್ ಮೇಲಿದ್ದರೆ, ಪೈಪಿನ ತಿರುವುಗಳಿಗೆಂದು ಇನ್ನರ್ಧ ಮೀಟರ್ ಸೇರಿಸಿ, ಎರಡೂವರೆ ಮೀಟರಿನಲ್ಲಿ ಗಂಟೆಗೆ 450ರಿಂದ 500 ಲೀಟರ್ ಕೊಡುವುದನ್ನು ಆರಿಸಿ. ಮನೆಗೆ ತಂದ ಮೇಲೆ ಬಕೆಟ್ ಹಿಡಿದು ಪರೀಕ್ಷಿಸಿ. ಅಷ್ಟೇ ಎತ್ತರದಲ್ಲಿ ನಿಮಿಷಕ್ಕೆ ಏಳೆಂಟು ಲೀಟರ್ ಬಂದರೆ ಸರಿ.

ಒಂದು ದೊಡ್ಡ ಪಂಪ್, ನಾಲ್ಕು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಹಾಕುವುದೋ, ಅಂತಸ್ತಿಗೊಂದು ಚಿಕ್ಕ ಪಂಪ್ ಇಡುವುದೋ? ಈ ಗಾತ್ರದ ರ‍್ಯಾಕ್‌ಗೆ ನಾಲ್ಕು ಪಂಪ್ ಇಡುವುದೇ ಮೇಲು ಎನ್ನುತ್ತೇನೆ. ಎಷ್ಟೋ ಸೊಲೆನಾಯ್ಡ್ ವಾಲ್ವ್‌ಗಳು ತೆರೆದುಕೊಳ್ಳಲು ನೀರಿನ ಒತ್ತಡವೇ ಬೇಕು. ಟ್ಯಾಂಕಿನಲ್ಲಿ ಮುಳುಗುವ ಚಿಕ್ಕ ಪಂಪಿಗೆ ಅಷ್ಟು ಒತ್ತಡ ಇರುವುದಿಲ್ಲ. ಆಗ ವಾಲ್ವ್ ‘ಟಕ್’ ಎನ್ನುತ್ತದೆ, ನೀರು ಮಾತ್ರ ಬರುವುದಿಲ್ಲ. ವಾಲ್ವೇ ಬೇಕೆಂದರೆ ಸೊನ್ನೆ ಒತ್ತಡದಲ್ಲೂ ತೆರೆಯುವಂಥದ್ದನ್ನು ಕೇಳಿ. ನಾಲ್ಕು ಪಂಪ್ ಇದ್ದರೆ ಈ ಗೋಜಿಲ್ಲ. ಒಂದು ಕೆಟ್ಟರೆ ಒಂದೇ ಟ್ರೇಗೆ ಪೆಟ್ಟು.

ನೀರು ಇಳಿಯುವ ದಾರಿ

ಪಂಪಿನ ಪೈಪನ್ನು ಟ್ರೇಯ ತಳಕ್ಕೆ ಜೋಡಿಸಿ. ಪಂಪ್ ನಿಂತ ಕೂಡಲೇ ನೀರು ಅದೇ ಪೈಪಿನಲ್ಲಿ, ಪಂಪಿನ ಮೂಲಕವೇ ಟ್ಯಾಂಕಿಗೆ ಇಳಿಯುತ್ತದೆ. ಮುಳುಗುವ ಚಿಕ್ಕ ಪಂಪ್‌ಗಳಲ್ಲಿ ಸಾಮಾನ್ಯವಾಗಿ ನೀರು ಹಿಂದಕ್ಕೆ ಸಲೀಸಾಗಿ ಹರಿಯುತ್ತದೆ. ಅಪ್ಪಿತಪ್ಪಿಯೂ ನಡುವೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಬೇಡಿ. ಕರೆಂಟ್ ಹೋದರೂ ಟ್ರೇ ಖಾಲಿಯಾಗಬೇಕು. ಬೇರು ನೀರಲ್ಲೇ ಮುಳುಗಿ ಕೊಳೆಯಬಾರದು.

ಎರಡನೆಯದು ಓವರ್‌ಫ್ಲೋ ಪೈಪ್. 5 ಸೆಂ.ಮೀ. ಎತ್ತರದಲ್ಲಿ ಬಾಯಿ ತೆರೆದು ನಿಂತಿರಬೇಕು. ಒಳಬರುವ ಪೈಪ್ 20 ಮಿ.ಮೀ. ಆದರೆ ಇದು 32 ಅಥವಾ 40 ಇರಲಿ. ಒಳಗೆ ಬರುವ ನೀರನ್ನು ಪಂಪ್ ತಳ್ಳುತ್ತದೆ, ಹೊರಗೆ ಹೋಗುವುದು ತನ್ನ ಪಾಡಿಗೆ ತಾನು ಇಳಿಯಬೇಕು. ಅದಕ್ಕೇ ಅಗಲದ ದಾರಿ. ಬಾಯಿಗೆ ಜಾಲರಿ ಕಟ್ಟಿ, ಇಲ್ಲವಾದರೆ ಒಂದೇ ಒಂದು ಉದುರಿದ ಎಲೆ ಸಾಕು ನೆಲವೆಲ್ಲ ಕೆರೆಯಾಗಲು. ಈ ಪೈಪ್ ಇದ್ದರೆ ಟೈಮರ್ ಸಿಕ್ಕಿಹಾಕಿಕೊಂಡು ಪಂಪ್ ರಾತ್ರಿಯಿಡೀ ಓಡಿದರೂ ನೀರು ಸುತ್ತಿ ಸುತ್ತಿ ಟ್ಯಾಂಕಿಗೇ ಬರುತ್ತದೆ.

ಇನ್ನು ಟ್ಯಾಂಕಿಗೆ ಹೊಸ ನೀರು ಸೇರಿಸುವ ಫ್ಲೋಟ್ ವಾಲ್ವ್. ಇದು ನೋಡಲು ಸಾಧು, ಆದರೆ ಇದರಲ್ಲೊಂದು ಅಪಾಯ ಅಡಗಿದೆ. ಟ್ರೇಗೆ 36 ಲೀಟರ್ ಹೋದಾಗ ಟ್ಯಾಂಕಿನ ಮಟ್ಟ ಇಳಿಯುತ್ತದೆ. ನೀರು ಖರ್ಚಾಯಿತೆಂದುಕೊಂಡು ಫ್ಲೋಟ್ ಮತ್ತೆ 36 ಲೀಟರ್ ತುಂಬಿಸುತ್ತದೆ. ಆಮೇಲೆ ಟ್ರೇಯ ನೀರು ವಾಪಸ್ ಬಂದು ಟ್ಯಾಂಕ್ ಉಕ್ಕುತ್ತದೆ. ಹಾಗಾಗಿ ಫ್ಲೋಟನ್ನು ಕಂಠಮಟ್ಟಕ್ಕೆ ಇಡಬೇಡಿ. ಅದು ಮುಚ್ಚಿಕೊಳ್ಳುವ ಮಟ್ಟದ ಮೇಲೆ ಕನಿಷ್ಠ 45 ಲೀಟರಿನಷ್ಟು ಜಾಗ ಖಾಲಿ ಇರಲಿ. ಮತ್ತೊಂದು ಮಾತು. ಫ್ಲೋಟಿಗೆ ನಲ್ಲಿಯ ನೀರನ್ನು ನೇರವಾಗಿ ಕೊಡಬೇಡಿ. ಪಕ್ಕದಲ್ಲಿ 50 ಲೀಟರಿನ ಡ್ರಮ್ ಇಟ್ಟು ಅದರಿಂದ ಕೊಡಿ. ಫ್ಲೋಟ್ ಕೆಟ್ಟು ತೆರೆದೇ ಉಳಿದರೂ ಚೆಲ್ಲಲು ಇರುವುದು ಆ ಡ್ರಮ್ಮಿನಷ್ಟೇ ನೀರು.

ದಿನಕ್ಕೆ ಎಷ್ಟು ಸಲ?

ಬಯಲಿನಲ್ಲಿ ಮೋಡ, ಗಾಳಿ, ಬಿಸಿಲು ದಿನಕ್ಕೊಂದು ಥರ. ಕೋಣೆಯೊಳಗೆ ಬೆಳಕು ದಿನವೂ ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ. ಇದು ನಮಗೆ ದೊಡ್ಡ ಅನುಕೂಲ. ಸಾದಾ ಟೈಮರ್ ಇಲ್ಲಿ ಚೆನ್ನಾಗಿ ನಡೆಯುತ್ತದೆ.

16 ಗಂಟೆ ಬೆಳಕು, 8 ಗಂಟೆ ಕತ್ತಲೆ ಎಂದುಕೊಳ್ಳಿ. ಬೆಳೆದ ಲೆಟ್ಯೂಸ್, ತುಳಸಿಗೆ ನಾಲ್ಕು ಸಲದಿಂದ ಶುರು ಮಾಡಿ. ಮೊದಲನೆಯದು ದೀಪ ಹೊತ್ತಿದ ಅರ್ಧ ಗಂಟೆಗೆ, ಕೊನೆಯದು ಆರುವ ಒಂದು ಗಂಟೆ ಮೊದಲು. ಎಳೆ ಸಸಿಗೆ ಒಂದೆರಡು ಸಲ ಸಾಕು. ಕತ್ತಲಲ್ಲಿ ಗಿಡ ನೀರು ಹೀರುವುದು ಕಡಿಮೆ, ಆಗ ಬಿಟ್ಟುಬಿಡಬಹುದು.

ಈ ‘ನಾಲ್ಕು’ ಬರೀ ಅಂದಾಜು. ನಿಮ್ಮ ಲೆಕ್ಕ ನಿಮಗೆ ಸಿಗುವುದು ತಕ್ಕಡಿಯಲ್ಲಿ. ನೀರು ಇಳಿದ ಮೇಲೆ ಒಂದು ಗಿಡವನ್ನು ತುಂಡಿನ ಸಮೇತ ಎತ್ತಿ ತೂಗಿ. ಗಂಟೆಗೊಮ್ಮೆ ಮತ್ತೆ ತೂಗಿ ಬರೆಯಿರಿ. ಅದೇ ಅಳತೆಯ ಒಣ ತುಂಡಿನ ತೂಕ ಮತ್ತು ಗಿಡದ ಅಂದಾಜು ತೂಕ ಕಳೆದರೆ, ತುಂಡಿನಲ್ಲಿ ಎಷ್ಟು ನೀರಿದೆ ಎಂದು ಗೊತ್ತಾಗುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಖರ್ಚಾಗುವ ಹೊತ್ತಿಗೆ ಮುಂದಿನ ಸರದಿ ಬರಲಿ. ಗಿಡ ದೊಡ್ಡದಾದಂತೆ ವಾರಕ್ಕೊಮ್ಮೆ ಇದನ್ನು ಮಾಡಿ. ಸೆನ್ಸರ್ ಕೊಡುವ ಅಂಕಿಗಿಂತ ಇದನ್ನು ನಾನು ಜಾಸ್ತಿ ನಂಬುತ್ತೇನೆ. ತೇವದ ಸೆನ್ಸರ್ ಸಣ್ಣ ತುಂಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಪಕ್ಕದಲ್ಲಿ ತುಸು ಗಾಳಿ ಸಂದು ಬಿಟ್ಟರೂ ಸುಮ್ನೆ ‘ಒಣಗಿದೆ’ ಎನ್ನುತ್ತದೆ.

ಲೆಟ್ಯೂಸ್‌ನ ಎಳೆ ಎಲೆಗಳ ಅಂಚು ಕಂದಾದರೆ ನೀರು ಹೆಚ್ಚಿಸಲು ಕೈ ಹೋಗುತ್ತದೆ ಅಲ್ವಾ? ತಡೆಯಿರಿ. ಬಹಳ ಸಲ ಅದು ಕ್ಯಾಲ್ಸಿಯಂ ಒಳಗಿನ ಎಲೆಗೆ ತಲುಪದೆ ಆಗುವ ತೊಂದರೆ. ಗಿಡದ ನಡುವೆ ಗಾಳಿಯಾಡುವಂತೆ ಫ್ಯಾನ್ ತಿರುಗಿಸಿ ನೋಡಿ.

ಟೈಮರ್, ರಿಲೇ ಮತ್ತು ಒಂದು ಫ್ಲೋಟ್ ಸ್ವಿಚ್

15 ನಿಮಿಷದ ಹಲ್ಲುಗಳಿರುವ ಅಗ್ಗದ ಟೈಮರ್ ಕೂಡ ಸಾಕು. ಟ್ರೇ 5 ನಿಮಿಷಕ್ಕೆ ತುಂಬುತ್ತದೆ, ಉಳಿದ 10 ನಿಮಿಷ ಓವರ್‌ಫ್ಲೋದಲ್ಲಿ ಸುತ್ತುತ್ತದೆ. ಎರಡು ಟ್ರೇಗಳ ಸರದಿಯ ನಡುವೆ ಅರ್ಧ ಗಂಟೆ ಬಿಡಿ, ಮೊದಲ ಟ್ರೇ ಪೂರ್ತಿ ಇಳಿಯಲಿ.

ಫೋನಿಗೆ ಸುದ್ದಿ ಬರಬೇಕೆಂದರೆ ಇಎಸ್‌ಪಿ32ನಂಥ, ವೈಫೈ ಇರುವ, ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಬೋರ್ಡ್ ಮತ್ತು ಅದರ ಸಿಗ್ನಲ್‌ನಂತೆ ಪಂಪ್ ಆನ್-ಆಫ್ ಮಾಡುವ ನಾಲ್ಕು ರಿಲೇ ಸೇರಿಸಿ. ಬೋರ್ಡ್ ಮತ್ತೆ ಶುರುವಾಗುವಾಗ ರಿಲೇಗಳೆಲ್ಲ ಆಫ್ ಇರಬೇಕು. ಸಿಗ್ನಲ್ ಇಳಿದಾಗ ಆನ್ ಆಗುವ ರಿಲೇ ಬೋರ್ಡ್‌ಗಳೂ ಇವೆ, ಪರೀಕ್ಷಿಸದೆ ಹಾಕಬೇಡಿ. ಟ್ಯಾಂಕಿನ ತಳದಲ್ಲಿ ಒಂದು ಫ್ಲೋಟ್ ಸ್ವಿಚ್ ಇಡಿ. ನೀರು ತೀರಾ ಇಳಿದರೆ ಅದು ಪಂಪ್‌ಗಳ ವಿದ್ಯುತ್ ಲೈನನ್ನೇ ಕಡಿಯಬೇಕು, ಪ್ರೋಗ್ರಾಮ್‌ಗೆ ‘ಸೂಚನೆ’ ಕೊಟ್ಟು ಸುಮ್ಮನಿರಬಾರದು. ಪ್ರೋಗ್ರಾಮ್ ಹ್ಯಾಂಗ್ ಆದಾಗಲೂ ಕೆಲಸ ಮಾಡುವುದು ತಂತಿಯೇ.

ಹಣ ಇರುವುದು ಒಂದೇ ಬಗೆಯ ಸೆನ್ಸರಿಗೆ ಎಂದಾದರೆ, ಪ್ರತಿ ಟ್ರೇಯಲ್ಲಿ 4 ಸೆಂ.ಮೀ. ಎತ್ತರಕ್ಕೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿ. ಪಂಪ್ ಆನ್ ಆಗಿ 8 ನಿಮಿಷವಾದರೂ ಅದು ಮೇಲೇಳದಿದ್ದರೆ ಫೋನಿಗೆ ಕರೆ ಹೋಗಲಿ. ಪಂಪ್ ಸುಟ್ಟಿರಲಿ, ಪೈಪ್ ಕಳಚಿರಲಿ, ಕಸ ಕಟ್ಟಿರಲಿ, ಎಲ್ಲವನ್ನೂ ಇದೊಂದೇ ಹಿಡಿಯುತ್ತದೆ. ಪಂಪ್ ನಿಂತ ಅರ್ಧ ಗಂಟೆಗೂ ಅದು ಕೆಳಗಿಳಿಯದಿದ್ದರೆ ನೀರು ಇಳಿಯುವ ದಾರಿ ಮುಚ್ಚಿದೆ ಎಂದರ್ಥ.

ನೀರು, ಕರೆಂಟ್ ಒಂದೇ ಕಡೆ ಇರುವ ಜಾಗ ಇದು. ಪಂಪ್‌ಗಳು 12 ಅಥವಾ 24 ವೋಲ್ಟಿನವೇ ಇರಲಿ. ಮೇನ್ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಸಾಕೆಟ್‌ಗೆ ಹೋಗುವ ವೈರ್ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ, ವೈರ್ ಹಿಡಿದು ಬರುವ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಬೋರ್ಡ್ ಎಂದೂ ಟ್ರೇಯ ಕೆಳಗೆ ಬೇಡ.

ಗೊಬ್ಬರದ ನೀರು

ಲೆಟ್ಯೂಸ್‌ಗೆ ಪಿಎಚ್ (ನೀರಿನ ಹುಳಿತನದ ಅಳತೆ) 5.5ರಿಂದ 6.5, ಇಸಿ (ನೀರಿನಲ್ಲಿ ಕರಗಿದ ಗೊಬ್ಬರದ ಉಪ್ಪಿನ ಅಳತೆ) ಸೆಂ.ಮೀ.ಗೆ 1.2ರಿಂದ 1.8 ಮಿಲಿಸೀಮೆನ್ಸ್ ಎಂದಿಟ್ಟುಕೊಂಡರೆ ಸಾಕು. ನೀರು 18ರಿಂದ 22 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಚ್ಚಗಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಬೇರು ಕೊಳೆಸುವ ಪಿಥಿಯಂಗೆ ಹಬ್ಬ. ಕ್ಯಾಲ್ಸಿಯಂ ನೈಟ್ರೇಟ್ ಇರುವ ದ್ರಾವಣ ಒಂದು ಕ್ಯಾನಿನಲ್ಲಿ, ಸಲ್ಫೇಟ್ ಮತ್ತು ಫಾಸ್ಫೇಟ್ ಇನ್ನೊಂದರಲ್ಲಿ. ಗಟ್ಟಿ ದ್ರಾವಣಗಳನ್ನೇ ಬೆರೆಸಿದರೆ ಸುಣ್ಣದಂಥ ಗಷ್ಟು ಕಟ್ಟುತ್ತದೆ.

ಗೊಬ್ಬರ, ಆಮ್ಲವನ್ನೂ ಯಂತ್ರವೇ ಹಾಕಲಿ ಎಂಬ ಆಸೆ ಬೇಗ ಬರುತ್ತದೆ. ಸ್ವಲ್ಪ ತಡೆಯಿರಿ. ಪಿಎಚ್ ಪ್ರೋಬ್ ಕೊಳೆಯಾಗಿ ತಪ್ಪು ಅಂಕಿ ತೋರಿಸಿದರೆ ಯಂತ್ರ ಅದನ್ನೇ ನಂಬಿ ಆಮ್ಲ ಸುರಿಯುತ್ತಲೇ ಹೋಗುತ್ತದೆ. ಹಾಕಲೇಬೇಕೆಂದರೆ ಮೊದಲು ಗೊಬ್ಬರ, ಅದು ಬೆರೆತ ಮೇಲೆ ಆಮ್ಲ. ಒಂದು ಸಲಕ್ಕೆ ಕೆಲವೇ ಸೆಕೆಂಡ್, ದಿನಕ್ಕೆ ಇಷ್ಟೇ ಸಲ ಎಂದು ಮಿತಿ ಹಾಕಿ. ಆಮ್ಲದ ಬಾಟಲಿಯಲ್ಲಿ ಇಡುವುದೂ ವಾರಕ್ಕೆ ಬೇಕಾದಷ್ಟನ್ನೇ.

ಸಸಿ ಇಡುವ ಮೊದಲು ಕೆಡಿಸಿ ನೋಡಿ

ಎರಡು ದಿನ ಬರೀ ನೀರಿನಲ್ಲಿ, ಗಿಡವಿಲ್ಲದೆ ಓಡಿಸಿ. ಸುಮ್ಮನೆ ನೋಡುತ್ತಾ ಕೂರುವುದಲ್ಲ, ಬೇಕೆಂದೇ ಕೆಡಿಸಬೇಕು. ಟ್ರೇ ತುಂಬುತ್ತಿರುವಾಗ ಪ್ಲಗ್ ಕಿತ್ತುಹಾಕಿ: ನೀರು ಪೂರ್ತಿ ಇಳಿಯಿತೇ, ಟ್ಯಾಂಕ್ ಉಕ್ಕಿತೇ? ಪಂಪನ್ನು ಒಂದು ಗಂಟೆ ಬಿಡದೆ ಓಡಿಸಿ, ಓವರ್‌ಫ್ಲೋ ತಡೆಯಿತೇ? ತುಂಬುವ ನಡುವೆ ಬೋರ್ಡ್ ರೀಸ್ಟಾರ್ಟ್ ಮಾಡಿ. ತಳದ ಫ್ಲೋಟನ್ನು ಕೈಯಲ್ಲಿ ಕೆಳಗೊತ್ತಿ ಹಿಡಿಯಿರಿ, ಪಂಪ್ ಅಲ್ಲೇ ನಿಲ್ಲಬೇಕು. ಒಂದು ಪೈಪ್ ಕಳಚಿ, ಫೋನಿಗೆ ಕರೆ ಬಂತೇ ನೋಡಿ.

ಬೆಳೆ ನಿಂತ ಮೇಲೆ ವಾರಕ್ಕೊಮ್ಮೆ ಜಾಲರಿ ತೊಳೆಯಿರಿ, ಪಿಎಚ್ ಪ್ರೋಬನ್ನು ಪಿಎಚ್ ಮೊದಲೇ ಗೊತ್ತಿರುವ 4 ಮತ್ತು 7ರ ಬಫರ್ ದ್ರಾವಣದಲ್ಲಿ ಸರಿಹೊಂದಿಸಿ. ಪ್ರತಿ ಕೊಯ್ಲಿನ ನಂತರ ಟ್ಯಾಂಕ್ ಬರಿದು ಮಾಡಿ, ಪಂಪ್ ಬಿಚ್ಚಿ ಒಳಗಿನ ಚಕ್ರಕ್ಕೆ ಸುತ್ತಿದ ಬೇರು ತೆಗೆಯಿರಿ. ಐದನೇ ಪಂಪ್ ಒಂದನ್ನು ಮೊದಲೇ ಕೊಂಡಿಡಿ. ಅದಕ್ಕೆ ಪೈಪಿನ ತುಂಡು, ಪ್ಲಗ್ ಎರಡನ್ನೂ ಜೋಡಿಸಿ ರ‍್ಯಾಕ್ ಪಕ್ಕದಲ್ಲೇ ತೂಗುಹಾಕಿ. ನೀವು ಊರಲ್ಲಿಲ್ಲದಾಗ ಮನೆಯಲ್ಲಿ ಯಾರಿದ್ದಾರೋ ಅವರು ಹಳೆಯದನ್ನು ಕಳಚಿ ಇದನ್ನು ಸಿಕ್ಕಿಸುವಂತಿರಬೇಕು.